ಗೇಟ್‌ವೇಯಿಂದ ಘಾರಾಪುರಿಗೆ ಲಾಂಚ್: ಊರಿನ ನೆಂಟರನ್ನು ಹತ್ತಿಸುವ ಮುಂಚೆ

ಬೇಸಿಗೆ ರಜೆಗೆ ಊರಿಂದ ನೆಂಟರು ಬಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಪಟ್ಟಿ ಹೆಚ್ಚುಕಡಿಮೆ ಒಂದೇ: ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಚೌಪಾಟಿ, ಆಮೇಲೆ ಎಲಿಫೆಂಟಾ, ಅಂದರೆ ಸಮುದ್ರದ ನಡುವಿನ ಗುಹೆಗಳ ದ್ವೀಪ ಘಾರಾಪುರಿ. ಮೊದಲ ಮೂರನ್ನು ಹೇಗೆ ನೋಡಿದರೂ ನಡೆಯುತ್ತದೆ. ಎಲಿಫೆಂಟಾಕ್ಕೆ ದಿನ, ಹೊತ್ತು, ಮಂಡಿನೋವು ಮೂರನ್ನೂ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಲಾಂಚ್ (ಮೋಟಾರು ದೋಣಿ) ಹೊರಡುವ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಲ್ಲಿ ಕೂತು ಪಾರಿವಾಳ ಎಣಿಸಿ ವಾಪಸು.

ಮೊದಲು ದಿನ. ಸೋಮವಾರ ಗುಹೆಗಳಿಗೆ ರಜೆ. ಭಾನುವಾರ ಜನಜಾತ್ರೆ, ಮೇಲೆ ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಬೇರೆ. ಮಂಗಳವಾರದಿಂದ ಶುಕ್ರವಾರದೊಳಗೆ ಹೋಗುವುದೇ ಸರಿ. ಆದರೆ ಆ ದಿನಗಳಲ್ಲಿ ಎಂಟು ಗಂಟೆ ಮೇಲೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ ಹೋಗುವ ಲೋಕಲ್‌ನಲ್ಲಿ ಅಜ್ಜಿಯನ್ನು ಹತ್ತಿಸುವ ಸಾಹಸ ಬೇಡ. ಮಾಟುಂಗಾದಿಂದ ಏಳೂಕಾಲಿಗೆ ಸ್ಲೋ ಗಾಡಿ ಹಿಡಿದರೆ ಕೂರಲು ಜಾಗ ಸಿಕ್ಕರೂ ಸಿಕ್ಕೀತು. ಸಿಎಸ್‌ಎಂಟಿಯಿಂದ ಗೇಟ್‌ವೇಗೆ ಟ್ಯಾಕ್ಸಿ, ಎರಡೂವರೆ ಕಿಲೋಮೀಟರ್ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಒರಟಾದ ದಿನ ಲಾಂಚ್ ನಿಲ್ಲಿಸಿಬಿಡುತ್ತಾರೆ, ಆ ತಿಂಗಳುಗಳಲ್ಲಿ ನೆಂಟರಿಗೆ ಮಾತು ಕೊಡಬೇಡಿ.

ಲಾಂಚ್ ಬೆಳಗ್ಗೆ ಒಂಬತ್ತರ ಸುಮಾರಿಗೆ ಶುರು, ಮಧ್ಯಾಹ್ನ ಎರಡರ ಆಸುಪಾಸಿಗೆ ಹೋಗುವ ಕಡೆಯದು. ಹನ್ನೊಂದು ಕಿಲೋಮೀಟರ್ ನೀರಿನ ದಾರಿಗೆ ಒಂದು ಗಂಟೆ. ನಿಧಾನ, ಆದರೆ ಆ ನಿಧಾನವೇ ಚೆಂದ: ನೌಕಾಪಡೆಯ ಹಡಗುಗಳು, ಜವಾಹರ ದ್ವೀಪದ ಎಣ್ಣೆ ಟ್ಯಾಂಕುಗಳು, ದೂರದಲ್ಲಿ ನ್ಹಾವಾ ಶೇವಾದ ಕ್ರೇನುಗಳು ಒಂದೊಂದಾಗಿ ಹಾಯುತ್ತವೆ. ಟಿಕೆಟನ್ನು ಕೌಂಟರಿನಲ್ಲೇ ಕೊಳ್ಳಿ, ನಡುವೆ ತಡೆದು ‘ಸ್ಪೆಷಲ್ ಬೋಟ್’ ಎನ್ನುವವರನ್ನು ದಾಟಿಕೊಂಡು ಬನ್ನಿ. ಹೋಗಿಬರುವುದಕ್ಕೆ ಒಂದೇ ಟಿಕೆಟ್, ವಾಪಸು ಬರುವಾಗ ಕೇಳುತ್ತಾರೆ. ಮಕ್ಕಳ ಕೈಗೆ ಕೊಟ್ಟರೆ ಅದು ಕಾಗದದ ದೋಣಿಯಾಗಿರುತ್ತದೆ.

ತಕರಾರು ಇರುವುದು ಬಿಡಿಬಿಡಿ ವಸೂಲಿಯ ಬಗ್ಗೆ. ಲಾಂಚಿಗೆ ಒಂದು, ಮೇಲಿನ ಡೆಕ್ಕಿಗೆ ಇನ್ನೊಂದಿಷ್ಟು, ದ್ವೀಪಕ್ಕೆ ಕಾಲಿಟ್ಟರೆ ಗ್ರಾಮ ಪಂಚಾಯತಿಯ ಕರ, ಆಟದ ರೈಲಿಗೆ ಬೇರೆ, ಗುಹೆಗೆ ಪುರಾತತ್ವ ಇಲಾಖೆಯ 40 ರೂಪಾಯಿ (15 ವರ್ಷದೊಳಗಿನ ಮಕ್ಕಳಿಗೆ ಇಲ್ಲ). ಎಂಟು ಜನರ ಸಂಸಾರಕ್ಕೆ ಐದು ಸಲ ಜೇಬಿಗೆ ಕೈ. ಎಲ್ಲ ಸೇರಿಸಿ ಒಂದೇ ಚೀಟಿ ಮಾಡಿದರೆ ಯಾರ ಗಂಟು ಹೋಗುತ್ತದೋ! ಹತ್ತು, ಇಪ್ಪತ್ತರ ಚಿಲ್ಲರೆ ಇಟ್ಟುಕೊಂಡಿರಿ.

ಕಷ್ಟದ ಜಾಗವೆಂದರೆ ಹತ್ತುವ ಮೆಟ್ಟಿಲು. ಇಳಿತದ ಹೊತ್ತಿನಲ್ಲಿ ಗೇಟ್‌ವೇಯ ಕೆಳಗಿನ ಮೆಟ್ಟಿಲುಗಳು ನೀರಿನಿಂದ ಹೊರಬಂದಿರುತ್ತವೆ, ಪಾಚಿ ಕಟ್ಟಿ ಜಾರುತ್ತವೆ. ಎಷ್ಟೋ ಸಲ ಒಂದು ಲಾಂಚ್ ದಾಟಿ ಅದರ ಪಕ್ಕದ್ದಕ್ಕೆ ಹೋಗಬೇಕು. ಹವಾಯಿ ಚಪ್ಪಲಿ ಬೇಡ, ಹಿರಿಯರ ಎರಡೂ ಕೈ ಖಾಲಿ ಇರಲಿ, ದೋಣಿಯ ಹುಡುಗ ಕೈ ಚಾಚಿದಾಗ ಬೆರಳು ಬಿಟ್ಟು ಮಣಿಕಟ್ಟು ಹಿಡಿಯಿರಿ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ಹೋದ ವಾರದವರ ಅನುಭವ ನಂಬದೆ ಆ ದಿನದ್ದನ್ನೇ ನೋಡಿಕೊಳ್ಳಿ. ತಲೆ ಸುತ್ತುವವರು ಕೆಳಡೆಕ್ಕಿನ ನಡುವೆ ಕೂರಲಿ: ಅಲ್ಲಿ ತೂಗಾಟ ಕಡಿಮೆ, ಹಿಂದೆ ಕೂತರೆ ಡೀಸೆಲ್ ಹೊಗೆ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ನೌಕಾಪಡೆಯ ವೇಗದ ದೋಣಿ ಪ್ರಯಾಣಿಕರ ಲಾಂಚಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಲೈಫ್ ಜಾಕೆಟ್ ಸೆಕೆ ಎಂದು ತೆಗೆದಿಡುವವರಿಗೆ ಇದನ್ನು ನೆನಪಿಸಿ. ಮಕ್ಕಳಿಗೆ ಅಳತೆಯ ಜಾಕೆಟನ್ನು ಕೇಳಿಯೇ ಪಡೆಯಿರಿ.

ಜೆಟ್ಟಿಯಿಂದ ಬೆಟ್ಟದ ಬುಡದವರೆಗೆ ನಡೆದರೂ ಆದೀತು, ಮಕ್ಕಳು ರೈಲು ಬಿಡುವುದಿಲ್ಲ. ಆಮೇಲೆ ಸುಮಾರು 120 ಮೆಟ್ಟಿಲು, ಎರಡೂ ಬದಿ ಮಣಿಸರ, ಕಲ್ಲಿನ ಆನೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ. ಹತ್ತಲಾಗದವರಿಗೆ ಡೋಲಿ ಕುರ್ಚಿ ಇದೆ. ದರವನ್ನು ಹತ್ತುವುದಕ್ಕೂ ಇಳಿಯುವುದಕ್ಕೂ ಸೇರಿಸಿ ಮೊದಲೇ ಮಾತಾಡಿ, ಇಲ್ಲವಾದರೆ ಮೇಲೆ ಹೋದಮೇಲೆ ಲೆಕ್ಕ ಬೇರೆಯಾಗುತ್ತದೆ. ಚಿತ್ರಾನ್ನ, ಚಪಾತಿ ಕಟ್ಟಿಕೊಂಡು ಹೋಗುವುದಾದರೆ ಜಿಪ್ ಇರುವ ಬಟ್ಟೆಚೀಲದಲ್ಲಿ. ಪ್ಲಾಸ್ಟಿಕ್ ಕವರ್ ಸದ್ದಾದರೆ ಸಾಕು, ಕೋತಿ ಹೆಗಲ ಮೇಲೆ.

ಒಂದನೇ ಗುಹೆಗೇ ಒಂದೂವರೆ ಗಂಟೆ ಕೊಡಿ, ಉಳಿದವಕ್ಕೆ ಅರ್ಧ ಗಂಟೆ ಸಾಕು. ಉತ್ತರದ ಬಾಗಿಲಿಂದ ಒಳಹೊಕ್ಕು ನೆಟ್ಟಗೆ ನಡೆದರೆ ದಕ್ಷಿಣದ ಗೋಡೆಯಲ್ಲಿ ಮೂರು ಮುಖದ ಸದಾಶಿವ, ಎತ್ತರ ಸುಮಾರು 6 ಮೀಟರ್. ಬ್ರಹ್ಮ ವಿಷ್ಣು ಮಹೇಶ್ವರ ಎಂದು ಗೈಡ್ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ: ಮೂರೂ ಶಿವನ ಮುಖವೇ. ನಮ್ಮ ಎಡಕ್ಕೆ ಮೀಸೆಯ ಉಗ್ರ, ಬಲಕ್ಕೆ ತಾವರೆ ಹಿಡಿದ ಹೆಣ್ಣುಮುಖ. ಮೂರ್ತಿಯ ಪಕ್ಕಗಳಲ್ಲಿ, ನಮ್ಮ ಎಡಕ್ಕೆ ಅರ್ಧನಾರೀಶ್ವರ, ಬಲಕ್ಕೆ ಗಂಗಾಧರ. ಬಾದಾಮಿಯ ಹದಿನೆಂಟು ಕೈಯ ನಟರಾಜನನ್ನು ಕಂಡ ನೆಂಟರಿಗೆ ಇಲ್ಲಿಯ ಮುರಿದ ತೋಳುಗಳ ನಟರಾಜನನ್ನು ತಪ್ಪದೆ ತೋರಿಸಿ. ಎರಡೂ ಆರನೆಯ ಶತಮಾನದ ಕೆಲಸ, ಅಲ್ಲಿ ಮರಳುಗಲ್ಲು, ಇಲ್ಲಿ ಕರಿಯ ಬಸಾಲ್ಟ್. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಿಕೇಶಿ ಹಡಗುಗಳಿಂದ ಮುತ್ತಿದ ‘ಪುರಿ’ ಇದೇ ಎಂದು ಕೆಲವು ವಿದ್ವಾಂಸರ ಎಣಿಕೆ. ಊರಿಂದ ಬಂದವರಿಗೆ ಈ ಮಾತು ಮಾವಿನಕಾಯಿಗಿಂತ ರುಚಿಸುತ್ತದೆ.

ವಾಪಸು ಕಡೆಯ ಲಾಂಚ್ ಎಷ್ಟಕ್ಕೆಂದು ದ್ವೀಪದಲ್ಲಿ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ, ಅದಕ್ಕಿಂತ ಒಂದು ಗಂಟೆ ಮೊದಲಿನದನ್ನೇ ಹಿಡಿಯಿರಿ. ಕಡೆಯದರಲ್ಲಿ ನೂಕುನುಗ್ಗಲು. ರಾತ್ರಿಯೂಟಕ್ಕೆ ಮಾಟುಂಗಾ ಸ್ಟೇಷನ್ ಬಳಿಯ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ಬಡಿಸುತ್ತಿದ್ದಾರೆ. ದಣಿದ ಮೇಲೆ ಆ ಸಾರು-ಅನ್ನಕ್ಕೆ ಸಾಟಿಯಿಲ್ಲ.

“ಎಲಿಫೆಂಟಾದಲ್ಲಿ ಆನೆಯೇ ಇಲ್ಲವಲ್ಲ” ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪೋರ್ಚುಗೀಸರು ಹೆಸರಿಡಲು ಕಾರಣವಾದ ಕಲ್ಲಾನೆಯನ್ನು 1864ರಲ್ಲಿ ಬ್ರಿಟಿಷರು ಎತ್ತಲು ಹೋಗಿ ಒಡೆದರು. ಚೂರು ಜೋಡಿಸಿದ ಆ ಆನೆ ಈಗ ಬೈಕಲಾದ ರಾಣಿ ಬಾಗ್ ಉದ್ಯಾನದಲ್ಲಿ ನಿಂತಿದೆ. ಅಲ್ಲಿ ಬುಧವಾರ ರಜೆ, ಮಂಗಳವಾರ ದ್ವೀಪ ಮುಗಿಸಿದವರು ಆನೆಯನ್ನು ಗುರುವಾರಕ್ಕೆ ಇಟ್ಟುಕೊಳ್ಳಿ.