ಕಮೋಡಿನ ಕಂದು ಉಂಗುರ: ನಾಲ್ಕು ಉಪಾಯ, ನನ್ನ ಓಟು ನಿಂಬೆ ಉಪ್ಪಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಟ್ರಿಕ್ ಆಸಿಡ್ ಪುಡಿಗೆ, ಅಂದರೆ ನಿಂಬೆ ಉಪ್ಪಿಗೆ. ಉಳಿದದ್ದನ್ನೆಲ್ಲ ದುಡ್ಡು ಕೊಟ್ಟು ತಂದು, ತೋಳು ನೋಯುವಷ್ಟು ಉಜ್ಜಿ, ಕೊನೆಗೆ ಇಲ್ಲಿಗೆ ಬಂದವಳು ನಾನು.

ನಮ್ಮ ಕಮೋಡಿನಲ್ಲಿ ನೀರು ನಿಲ್ಲುವ ಮಟ್ಟಕ್ಕೆ ಒಂದು ಕಂದು ಉಂಗುರ, ಹಿಂಬದಿಯಲ್ಲಿ ಮೇಲಿಂದ ಇಳಿದ ಒಂದು ಪಟ್ಟೆ. ಗ್ಲೌಸ್ ಹಾಕಿ ಮುಟ್ಟಿದರೂ ತರಿತರಿ. ನೋಡಿದವರಿಗೆ ಗಲೀಜು ಅನಿಸುತ್ತದೆ, ಅಸಲಿಗೆ ಅದು ಸುಣ್ಣ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಪಿಂಗಾಣಿಗೆ ಅಂಟುತ್ತದೆ, ಕೊಳೆ ಅದರ ಮೇಲೆ ಕೂರುತ್ತದೆ. ಹಾಗಾಗಿ ಬ್ಲೀಚ್ ಈ ಸ್ಪರ್ಧೆಯಲ್ಲೇ ಇಲ್ಲ: ಸುಣ್ಣ ಬೆಳ್ಳಗಾಗುತ್ತದೆಯೇ ಹೊರತು ಕರಗುವುದಿಲ್ಲ.

ಪ್ಯೂಮಿಸ್ ಕಲ್ಲು (ಹಿಮ್ಮಡಿ ಉಜ್ಜಲು ಬಳಸುವ ತೂತುತೂತಿನ ಹಗುರ ಕಲ್ಲು): ಕಣ್ಣೆದುರೇ ಉಂಗುರ ಉದುರುವುದು ಇದರಲ್ಲಿ ಮಾತ್ರ. ನಾನು ಅವಸರಕ್ಕೆ ಕಲ್ಲನ್ನು ನೆನೆಸದೆ ಉಜ್ಜಿದೆ. ಹೊಳಪಿನ ಪದರಕ್ಕೆ ಗೀರು ಬಿತ್ತು, ಅದೇ ಜಾಗದಲ್ಲಿ ಉಂಗುರ ಮೊದಲಿಗಿಂತ ಬೇಗ ಕೂತಿತು.

ಹೈಡ್ರೋಕ್ಲೋರಿಕ್ ಆಸಿಡ್ ಇರುವ ಕ್ಲೀನರ್ ವೇಗದಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಆ ಘಾಟು! ಸಿಡಿದ ಹನಿಗೆ ಸ್ಟೀಲ್ ಜಾಲರಿ ಕಲೆಗಟ್ಟಿತು. ಹಿಂದಿನ ದಿನದ ಬ್ಲೀಚ್ ಉಳಿದಿರುವಾಗ ಇದನ್ನು ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಪ್ರಾಣಕ್ಕೇ ಕುತ್ತು. ಬ್ಲೀಚ್ ಜೊತೆ ಯಾವ ಆಸಿಡ್ಡೂ ಸೇರಬಾರದು, ನನ್ನ ನಿಂಬೆ ಉಪ್ಪು ಕೂಡ.

ವಿನೆಗರ್ ಕೆಲಸ ಮಾಡುತ್ತದೆ, ನಿಧಾನವಾಗಿ, ಬಾಟಲಿಗಟ್ಟಲೆ.

ಈಗ ನನ್ನನ್ನು ತಿಂಗಳುಗಟ್ಟಲೆ ಸತಾಯಿಸಿದ ವಿಷಯ. ಕಮೋಡಿನಲ್ಲಿ ಆಗಲೇ ಒಂದೆರಡು ಲೀಟರ್ ನೀರು ನಿಂತಿರುತ್ತದೆಯಲ್ಲ, ಏನು ಸುರಿದರೂ ಅದರೊಳಗೆ ಬಿದ್ದು ತೆಳ್ಳಗಾಗುತ್ತದೆ. ವಿನೆಗರ್ ಬಾಟಲಿಯಲ್ಲಿರುವುದೇ ಸುಮಾರು 5% ಆಸಿಡ್. ಅದೂ ನೀರಾದರೆ ಇನ್ನೇನು ಉಳಿಯಿತು? ಗೋಡೆಯ ಮೇಲಿನ ಪಟ್ಟೆಗಂತೂ ಸುರಿದದ್ದು ಜಾರಿ ಕೆಳಗಿಳಿಯುತ್ತದೆ. ನಾನು ಪ್ರತಿ ಸಲ ಪದಾರ್ಥವನ್ನೇ ಬೈಯುತ್ತಿದ್ದೆ. ಅಡುಗೆ ಸೋಡಾ ಬೆರೆಸಿ ನೊರೆ ಎಬ್ಬಿಸಿಯೂ ನೋಡಿದೆ. ಸೋಡಾ ಆಸಿಡ್ಡನ್ನೇ ಕೊಂದುಹಾಕುತ್ತದೆ, ಉಳಿಯುವುದು ತಮಾಷೆ ಮಾತ್ರ.

ಕೊನೆಗೆ ಫಲಿಸಿದ್ದು ಇಷ್ಟು. ಬ್ರಷ್ಷಿನಿಂದ ನೀರನ್ನು ಕೊಳವೆಯ ಕಡೆಗೆ ಕುಟ್ಟಿ ಕುಟ್ಟಿ ತಳ್ಳಿದರೆ ಮಟ್ಟ ಇಳಿದು ಉಂಗುರ ಬಯಲಾಗುತ್ತದೆ. ಅರ್ಧ ಲೀಟರ್ ಬೆಚ್ಚನೆ ನೀರಿಗೆ (ಕುದಿಯುವ ನೀರು ಬೇಡ, ಪಿಂಗಾಣಿ ಬಿರಿಯಬಹುದು) 100 ಗ್ರಾಂ ನಿಂಬೆ ಉಪ್ಪು. ವಿನೆಗರಿಗಿಂತ ಮೂರು ಪಟ್ಟು ಗಾಢ. ಹಳೆ ಬನಿಯನ್ ಪಟ್ಟಿಗಳನ್ನು ಅದರಲ್ಲಿ ಅದ್ದಿ, ಉಂಗುರಕ್ಕೂ ಪಟ್ಟೆಗೂ ಒತ್ತಿ ಅಂಟಿಸಿ ಮಲಗಿದೆ. ಅಂಟಿಸುವಾಗಲೇ ಬಟ್ಟೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದವು, ಸುಣ್ಣ ಕರಗುವ ಗುರುತು. ಬೆಳಿಗ್ಗೆ ಬಟ್ಟೆ ಎತ್ತಿ ಬ್ರಷ್ ಆಡಿಸಿದರೆ ಕೆಸರಿನಂತೆ ಬಂತು. ದಪ್ಪ ಇದ್ದ ಕಡೆ ಇನ್ನೊಂದು ರಾತ್ರಿ ಬೇಕಾಯಿತು.

ತಡೆಯುವ ವಿಚಾರದಲ್ಲಿ ನೀರು ಮೃದುಗೊಳಿಸುವ ಯಂತ್ರವೇ ಮೂಲ ಪರಿಹಾರ, ಬಾಡಿಗೆ ಮನೆಯವಳಾದ ನನ್ನ ಜೇಬಿಗೆ ಅಲ್ಲ. ಫ್ಲಶ್ ಟ್ಯಾಂಕಿಗೆ ಹಾಕುವ ಕ್ಲೋರಿನ್ ಮಾತ್ರೆ ತಂದಿದ್ದೆ, ಅದಂತೂ ದಂಡ. ಸುಣ್ಣಕ್ಕೆ ಏನೂ ಮಾಡದು, ಟ್ಯಾಂಕಿನೊಳಗಿನ ರಬ್ಬರನ್ನು ಹಾಳು ಮಾಡುತ್ತದೆ.

ರಬ್ಬರ್ ಅಂದಾಗ ನೆನಪಾಯಿತು, ಆ ಪಟ್ಟೆ ಮಾತ್ರ ತೆಗೆದಷ್ಟೂ ಮರಳುತ್ತಿತ್ತು. ಟ್ಯಾಂಕಿಗೆ ನಾಲ್ಕು ಹನಿ ತಿನ್ನುವ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಕಮೋಡಿನ ನೀರು ಕೆಂಪಗಾಗಿತ್ತು! ತಳದ ರಬ್ಬರ್ ಸವೆದು ಹಗಲೂ ರಾತ್ರಿ ಸಣ್ಣಗೆ ನೀರು ಇಳಿಯುತ್ತಿತ್ತು. ಅದನ್ನು ಬದಲಿಸಿದ ಮೇಲೆ ಪಟ್ಟೆ ಬಂದಿಲ್ಲ. ಉಂಗುರ ತಿಂಗಳಿಗೊಮ್ಮೆ ಇಣುಕುತ್ತದೆ, ಎರಡು ಚಮಚ ಪುಡಿ ಉದುರಿಸಿ ಮಲಗುತ್ತೇನೆ.