ಬ್ರೈಟ್ ಲೈಟ್ಸ್, ಬಿಗ್ ಸಿಟಿ: ಬಳ್ಳಾರಿಯ ಓದುಗರಿಗೆ

ಜೇ ಮ್ಯಾಕಿನರ್ನಿಯ ಈ ಕಾದಂಬರಿ (1984) ಇನ್ನೂರು ಪುಟ ದಾಟುವುದಿಲ್ಲ. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ನಿದ್ದೆಗೆಟ್ಟರೆ ಬೆಂಗಳೂರು ಬರುವಷ್ಟರಲ್ಲಿ ಮುಗಿಸಬಹುದು. ನ್ಯೂಯಾರ್ಕಿನ ಕ್ಲಬ್ಬು, ಕೊಕೇನ್, ಬೆಳಗಿನ ಆರು ಗಂಟೆ, ದಿಕ್ಕಿಲ್ಲದ ಹುಡುಗ. ಇಡೀ ಕಥೆ ವರ್ತಮಾನ ಕಾಲದಲ್ಲಿ, ಅವನನ್ನು ‘ನೀನು’ ಎನ್ನುತ್ತಲೇ ಸಾಗುತ್ತದೆ. ಶುರುವಿನಲ್ಲಿ ಕಿರಿಕಿರಿ ಅನ್ನಿಸಿದರೂ ಓದು ಬಿಡಬೇಡಿ.

ಇದರ ನಿಜವಾದ ಶಕ್ತಿ ಆಫೀಸಿನ ಭಾಗದಲ್ಲಿದೆ. ಪತ್ರಿಕೆಯ ಲೇಖನಗಳಲ್ಲಿನ ಹೆಸರು, ತಾರೀಖು, ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡುವುದು ಅವನ ಕೆಲಸ. ಫ್ರೆಂಚ್ ಬರುತ್ತದೆಂದು ಸುಳ್ಳು ಹೇಳಿ ಸೇರಿದವನ ಕೈಗೆ ಫ್ರಾನ್ಸಿನ ಚುನಾವಣೆಯ ಲೇಖನ ಬೀಳುತ್ತದೆ. ನಿದ್ದೆಯಿಲ್ಲ, ಗಡುವು ಹತ್ತಿರ, ತಪ್ಪುಗಳು ಹಾಗೇ ಉಳಿಯುತ್ತವೆ. ಕೆಲಸ ಹೋಗುತ್ತದೆ. ಚಟ ಮನುಷ್ಯನನ್ನು ತಿನ್ನುವ ಬಗೆಯನ್ನು ಇಷ್ಟು ಕರಾರುವಾಕ್ಕಾಗಿ ತೋರಿಸುವ ಪುಟಗಳು ಕಡಿಮೆ.

ಬಿಟ್ಟುಹೋದ ಹೆಂಡತಿ ಅಮಾಂಡಾಳ ಪಾತ್ರ ಮಾತ್ರ ತೀರಾ ತೆಳು. ಅರ್ಧಕ್ಕೆ ನಿಲ್ಲಿಸಿದವರು ಇದನ್ನು ಮುರಿದ ಮದುವೆಯ ಕಥೆ ಅಂದುಕೊಳ್ಳುತ್ತಾರೆ; ತಾಯಿಯ ಸಾವಿನ ಸಂಗತಿ ತೆರೆದುಕೊಳ್ಳುವುದು ಕೊನೆಯ ಹೊತ್ತಿಗೆ. ಗಣಿ ದುಡ್ಡಿನ ಅಬ್ಬರ ಕಂಡ ನಮ್ಮೂರಿನ ಹುಡುಗರು ಇದನ್ನು ಓದಲೇಬೇಕು. ಇಂಗ್ಲಿಷ್ ಸರಳವಾಗಿದೆ, ಕ್ಲಬ್ಬುಗಳ ಹೆಸರು ಹುಡುಕುತ್ತ ಕೂರದೆ ಮುಂದೆ ಹೋಗಿ.