ಬಟನ್ ಒತ್ತದೇ ಬೋರ್ಡ್ ಆನ್: ಎರಡು ಚಾನೆಲ್ ರಿಲೇ ಮಾಡ್ಯೂಲ್
ಚಿಕ್ಕಮಗಳೂರಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ತೋಟದ ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಬೋರ್ಡ್ ಕಂಪ್ಯೂಟರ್ ತಾನೇ ಏಳುತ್ತದೆ, ಪಕ್ಕದ ಇನ್ನೊಂದು ಬೋರ್ಡ್ ಮಾತ್ರ ಪವರ್ ಬಟನ್ ಒತ್ತುವವರೆಗೂ ಸುಮ್ನೆ ಬಿದ್ದಿರುತ್ತದೆ. ಅದಕ್ಕೇ ಈ 5 ವೋಲ್ಟ್ ರಿಲೇ ಮಾಡ್ಯೂಲ್ ತಂದೆ; ರಿಲೇ ಅಂದರೆ ವಿದ್ಯುತ್ ಸಂಕೇತದಿಂದ ಆನ್-ಆಫ್ ಆಗುವ ಸ್ವಿಚ್. ಬಟನ್‌ನ ಎರಡು ಕಾಲಿಗೆ ವೈರ್ ಬೆಸುಗೆ ಹಾಕಿ ಕಾಮ್, ಎನ್‌ಓ ಸ್ಕ್ರೂಗಳಿಗೆ ಕೊಟ್ಟೆ; ರಿಲೇ ಆನ್ ಆದಾಗ ಮಾತ್ರ ಇವೆರಡೂ ಸೇರುತ್ತವೆ. ಈಗ ಹಾಸನದಲ್ಲಿ ಕೂತು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ವಿಧಾನ) ಪೈಗೆ ಒಂದು ಕಮಾಂಡ್ ಕೊಟ್ಟರೆ ರಿಲೇ ಅರ್ಧ ಸೆಕೆಂಡ್ ಟಕ್ ಅನ್ನುತ್ತದೆ, ಬೋರ್ಡ್ ಆನ್!

ತಲೆನೋವು ಒಂದೇ. ಇದು ಆಕ್ಟಿವ್ ಲೋ, ಅಂದರೆ ಪಿನ್ ವೋಲ್ಟೇಜ್ ಇಳಿದಾಗ ಆನ್, ಏರಿದಾಗ ಆಫ್; ಆದರೆ ಪೈನ 3.3 ವೋಲ್ಟ್ ಪಿನ್‌ಗೆ ರಿಲೇ ಸರಿಯಾಗಿ ಆಫ್ ಆಗ್ತಿರಲಿಲ್ಲ. ಎರಡು ಪಿನ್ ಜೋಡಿಸುವ ಜಂಪರ್ ಕಿತ್ತು ವಿಸಿಸಿಗೆ (ಸಂಕೇತದ ಭಾಗಕ್ಕೆ) 3.3, ಜೆಡಿ-ವಿಸಿಸಿಗೆ (ರಿಲೇ ಕಾಯಿಲ್‌ಗೆ) 5 ವೋಲ್ಟ್ ಕೊಟ್ಟ ಮೇಲೆ ಸರಿಹೋಯಿತು. ಮೇಲೆ 10 ಆಂಪಿಯರ್ ಅಂತ ಬರೆದಿದೆ, ಆದರೂ ತಾಮ್ರದ ಗೆರೆಗಳು ಅಷ್ಟು ಹತ್ತಿರ ಇರುವಾಗ 230 ವೋಲ್ಟ್ ಲೈನ್ ಕೊಡಲು ನನಗಂತೂ ಧೈರ್ಯವಿಲ್ಲ.